ಮಾನಿಟರ್ 74 ತೋರಿಸಿದ ಸಂಜೆ: ನನ್ನ ಅನುಭವ

ಕೊಡಗಿನಲ್ಲಿ ಫೆಬ್ರವರಿ ಅಂದ್ರೆ ಕಾಳುಮೆಣಸು ಕೊಯ್ಲು. ಅರಿವಳಿಕೆ ವೈದ್ಯನಾದ ನನಗೆ ಅದು ಏಣಿಯಿಂದ ಬಿದ್ದವರ ಕಾಲ. ಆ ಸಂಜೆ ಬಂದವನು ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯಿಂದ ಜಾರಿದ್ದ. ಗುಲ್ಮ (ಸ್ಪ್ಲೀನ್) ಒಡೆದು ಹೊಟ್ಟೆ ತುಂಬ ರಕ್ತ, ಬಿಪಿ 70. ನಿದ್ರೆಯ ಮದ್ದು ಪ್ರೊಪೊಫಾಲ್ ಕೊಟ್ಟರೆ ಬಿಪಿ ಇನ್ನೂ ಕುಸಿಯುತ್ತದೆ ಅಂತ ಕೆಟಮಿನ್ ಎಂಬ ಬೇರೆ ಮದ್ದು ಕೊಟ್ಟು ಮಲಗಿಸಿದೆ. ಜೊತೆಗೆ ಉಸಿರಿನ ಮೂಲಕ ಸ್ವಲ್ಪ ಸೆವೋಫ್ಲುರೇನ್, ಅರಿವಳಿಕೆ ಗ್ಯಾಸ್.

ಹಣೆಗೆ ಅಂಟಿಸಿದ ಪಟ್ಟಿಯಿಂದ ಮಿದುಳಿನ ಅಲೆ ಓದಿ, ನಿದ್ರೆ ಎಷ್ಟು ಆಳ ಅಂತ ಅಂಕಿಯಲ್ಲಿ ಹೇಳುವ ಬಿಸ್ ಯಂತ್ರ 74 ತೋರಿಸಿತು; ಅಂಕಿ ಹೆಚ್ಚಿದಷ್ಟೂ ಎಚ್ಚರ. ಆಪರೇಷನ್‌ಗೆ 40ರಿಂದ 60 ಇರಬೇಕು. ಜೊತೆಗಿದ್ದ ಕಿರಿಯ ಡಾಕ್ಟರ್ ಗಾಬರಿಯಾದರು: "ಸಾರ್, ಎಚ್ಚರ ಇದ್ದಾನೆ ಅನ್ಸುತ್ತೆ, ಗ್ಯಾಸ್ ಜಾಸ್ತಿ ಮಾಡ್ಲಾ?"

ಬೇಡ ಎಂದೆ. ಕೆಟಮಿನ್ ಮಿದುಳಿನಲ್ಲಿ ವೇಗದ ಅಲೆ ಎಬ್ಬಿಸುತ್ತದೆ. ಯಂತ್ರ ಅದನ್ನೇ ಎಚ್ಚರ ಅಂದುಕೊಳ್ಳುತ್ತದೆ. ಅಂಕಿ ನಂಬಿ ಗ್ಯಾಸ್ ಏರಿಸಿದ್ದರೆ ಬಿಪಿ ಕೈಬಿಡುತ್ತಿತ್ತು. ಅಂಕಿಯ ಪಕ್ಕದ ಗೆರೆ ನೋಡಿದೆ. ಸ್ನಾಯುವಿನ ವಿದ್ಯುತ್ ಚಟುವಟಿಕೆ ತೋರಿಸುವ ಗೆರೆ ತಳದಲ್ಲಿತ್ತು, ಅಂದ್ರೆ ಅಂಕಿ ಏರಿದ್ದು ಹಣೆ ಬಿಗಿಯಾಗಿ ಅಲ್ಲ. ಅಲೆಗಳೋ, ವೇಗದ ಸಣ್ಣ ಗೊಂಚಲು, ನಡುನಡುವೆ ನಿಧಾನದ ದೊಡ್ಡ ಅಲೆ. ಕೆಟಮಿನ್‌ದೇ ನಡೆ. ಗುಲ್ಮದ ರಕ್ತನಾಳಕ್ಕೆ ಕ್ಲ್ಯಾಂಪ್ ಬಿದ್ದು, ರಕ್ತ ಕೊಟ್ಟು ಬಿಪಿ 100 ದಾಟಿದ ಮೇಲೆ ಗ್ಯಾಸ್ ಏರಿಸಿದೆ.

ಇದರ ಉಲ್ಟಾ ಇನ್ನೂ ಅಪಾಯ. 2015ರ ಒಂದು ಅಧ್ಯಯನದಲ್ಲಿ ಪೂರ್ತಿ ಎಚ್ಚರವಿದ್ದ 10 ಮಂದಿಗೆ ನಿದ್ರೆಯ ಮದ್ದೇ ಇಲ್ಲದೆ ಸ್ನಾಯು ಸಡಿಲಿಸುವ ಮದ್ದು ಮಾತ್ರ ಕೊಟ್ಟರು. ಅಂಕಿ 44ರವರೆಗೂ ಇಳಿಯಿತು! ಮಾತಾಡಲಾಗದ ಮನುಷ್ಯ, "ಚೆನ್ನಾಗಿ ಮಲಗಿದ್ದಾನೆ" ಅನ್ನುವ ಯಂತ್ರ. ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ, ಅಲ್ವಾ?

ಹಾಗಂತ ಯಂತ್ರ ಸುಮ್ನೆ ಅಲಂಕಾರಕ್ಕಲ್ಲ. ಗ್ಯಾಸ್ ಕೊಡುವಾಗ ಉಸಿರಿನಲ್ಲಿ ಎಷ್ಟಿದೆ ಅಂತ ಅಳೆಯಬಹುದು. 2011ರ ದೊಡ್ಡ ಅಧ್ಯಯನವೊಂದರಲ್ಲಿ ಆ ಅಳತೆಗಿಂತ ಬಿಸ್ ಮೇಲೆಂದು ಕಾಣಲಿಲ್ಲ. ರಕ್ತನಾಳಕ್ಕೆ ಹರಿಸುವ ಪ್ರೊಪೊಫಾಲ್‌ಗೆ ಸಾಮಾನ್ಯವಾಗಿ ಅಂಥ ಅಳತೆ ಸಿಗುವುದಿಲ್ಲ. ಒಮ್ಮೆ ಹೊದಿಕೆಯ ಅಡಿಯಲ್ಲಿ ಸೂಜಿ ರಕ್ತನಾಳದಿಂದ ಜಾರಿ, ಮದ್ದೆಲ್ಲ ಕೈಯ ಮಾಂಸಕ್ಕೆ ಇಳಿಯುತ್ತಿತ್ತು. ಮದ್ದು ಹರಿಸುವ ಪಂಪ್ ಏನೂ ಕೂಗಲಿಲ್ಲ. ನಾಡಿ ಏರುವ ಮೊದಲೇ ಬಿಸ್ 45ರಿಂದ 68ಕ್ಕೆ ಹೋಯಿತು. ಹೊದಿಕೆ ಎತ್ತಿದರೆ ತೋಳು ಊದಿತ್ತು. ಅಂದಿನಿಂದ ಸೂಜಿ ಇರುವ ಕೈಯನ್ನು ಮುಚ್ಚಲು ಬಿಡುವುದಿಲ್ಲ.

ಮೆಣಸಿನ ಏಣಿಯವನಿಗೆ ಮರುದಿನ ಕೇಳಿದೆ: ಮಲಗುವ ಮೊದಲು ಕೊನೆಗೆ ಏನು ನೆನಪು, ಎದ್ದಾಗ ಮೊದಲು ಏನು, ನಡುವೆ ಏನಾದ್ರೂ ಇತ್ತಾ? "ಮೇಲಿನ ಲೈಟು. ಆಮೇಲೆ ಹೆಂಡತಿ ಮುಖ" ಎಂದ. ಹೊಲಿಗೆ ಬಿಚ್ಚಿಸಲು ಬಂದಾಗ ಮತ್ತೆ ಕೇಳಿದೆ, ಕೆಲವರಿಗೆ ನೆನಪು ತಡವಾಗಿ ಬರುತ್ತದೆ. ಅವನಿಗೆ ಬಂದಿರಲಿಲ್ಲ.