ಗೆರಟೆ ಸೌಟಿನಲ್ಲಿ ಒಂದೇ ಸೌಟು

ನಾನು ಜಂಬರದ ಅಡುಗೆಯವನು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆ ಮದುವೆ, ಉಪನಯನ, ಗೃಹಪ್ರವೇಶ ಅಂತ 27 ವರ್ಷದಿಂದ ಸೌಟು ಹಿಡಿದಿದ್ದೇನೆ. ಸಕ್ಕರೆ ಕಾಯಿಲೆ ಉಂಟು ಅಂತ ಗೊತ್ತಾದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ಪಾಯಸದ ರುಚಿ ನೋಡಿ ನೋಡಿ ಬಂದದ್ದು ಅಲ್ವಾ ನಿಮಗೆ?"

ಅಲ್ಲ. ನೈವೇದ್ಯ ಆಗುವ ಮೊದಲು ರುಚಿ ನೋಡುವ ಕ್ರಮವೇ ನಮ್ಮಲ್ಲಿಲ್ಲ. ಉಪ್ಪು ಕೈಯಳತೆ, ಬೆಲ್ಲ ಕಣ್ಣಳತೆ. ಪಾಕ ಬಂತೋ ಇಲ್ಲವೋ ಅಂತ ಪರಿಮಳವೇ ಹೇಳುತ್ತದೆ. ನನ್ನನ್ನು ಕೆಡಿಸಿದ್ದು ಪಾಯಸ ಅಲ್ಲ, ಚಾ ಮತ್ತು ಅನ್ನ. ಜಂಬರದ ಹಿಂದಿನ ರಾತ್ರಿ ನಿದ್ದೆ ಇರುವುದಿಲ್ಲ. ತೆಂಗಿನಕಾಯಿ ತುರಿಯುವಾಗ ಒಂದು ಚಾ, ತರಕಾರಿ ಕೊರೆಯುವಾಗ ಒಂದು, ಒಲೆ ಹಚ್ಚುವಾಗ ಇನ್ನೊಂದು. ಬೆಳಗಾಗುವಾಗ ಏಳೆಂಟು ಗ್ಲಾಸು ಆಗಿರುತ್ತದೆ. ಗ್ಲಾಸಿಗೆ ಎರಡು ಚಮಚ ಸಕ್ಕರೆ ಅಂತ ಹಿಡಿದರೂ 70 ಗ್ರಾಂ ಆಯಿತು. ಮರುದಿನ ಎಲ್ಲ ಪಂಕ್ತಿ ಎದ್ದ ಮೇಲೆ ಮೂರು ಗಂಟೆಗೆ ನಮ್ಮ ಊಟ. ಆ ಹಸಿವಿಗೆ ಅನ್ನ ಎಷ್ಟು ಬಿತ್ತು ಅಂತ ಯಾರು ಲೆಕ್ಕ ಇಡುತ್ತಾರೆ?

2022ರ ಮಳೆಗಾಲದಲ್ಲಿ ಕಾಲಿನ ಗಾಯವೊಂದು ಮೂರು ವಾರ ಆದರೂ ಒಣಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯಲ್ಲಿ 188, ಊಟದ ನಂತರ 312. ಎಚ್‌ಬಿಎ1ಸಿ 9.4. ಇದು ಎರಡು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನನ್ನದು ದಾಟಿ ಎಷ್ಟೋ ಮುಂದೆ ಹೋಗಿತ್ತು. ಡಾಕ್ಟರು ಸಕ್ಕರೆ ಇಳಿಸುವ ಎರಡು ಮಾತ್ರೆ, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಬರೆದರು. ಜೊತೆಗೆ ಪಥ್ಯದ ಚೀಟಿ ಒಂದು ಸಿಕ್ಕಿತು, ಪೂರ್ತಿ ಮಲಯಾಳದಲ್ಲಿ. ನಾನು ಕನ್ನಡ ಶಾಲೆಯಲ್ಲಿ ಕಲಿತವನು. ಮಾತಾಡಿದರೆ ಅರ್ಥ ಆಗುತ್ತದೆ, ಓದಲು ಬರುವುದಿಲ್ಲ. ಮಗಳು ಓದಿ ಹೇಳಿದಳು: "ಅಪ್ಪಾ, ಚೋರು ಕಡಿಮೆ ಮಾಡ್ಬೇಕಂತೆ." ಮಲಯಾಳದ ಚೋರು ಅಂದರೆ ಅನ್ನ. ನಾನು ಅದನ್ನು ಕನ್ನಡದ ಚೂರು ಮಾಡಿಕೊಂಡೆ. ಚೂರೇ ಚೂರು ಕಮ್ಮಿ ಮಾಡಿದೆ.

ಚೀಟಿಯಲ್ಲಿ ರಾತ್ರಿಗೆ ಚಪಾತಿ ಅಂತ ಇತ್ತು. ಮಾಡಿದೆವು. ಎರಡು ವಾರದಲ್ಲಿ ಹೇಳಿಕೊಳ್ಳುವಷ್ಟು ಏನೂ ಇಳಿಯಲಿಲ್ಲ. ಆಗ ಮಗಳು ಗ್ಲುಕೋಮೀಟರ್ ತಂದುಕೊಟ್ಟಳು. ನನ್ನ ಪುಣ್ಯಕ್ಕೆ ಅದು ಆಟಿ ತಿಂಗಳು (ಜುಲೈ-ಆಗಸ್ಟ್). ಆಟಿಯಲ್ಲಿ ಜಂಬರ ಇಲ್ಲ, ನನಗೆ ಕೆಲಸವೂ ಇಲ್ಲ. ಮನೆಯಲ್ಲೇ ಕೂತು ಒಂದೊಂದೇ ತಿಂಡಿ ತಿಂದು, ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ, ಹಳೆಯ ಅಡುಗೆ ಪಟ್ಟಿಯ ಪುಸ್ತಕದ ಹಿಂದೆ ಬರೆಯತೊಡಗಿದೆ.

ಆ ಪುಟ ಈಗಲೂ ಉಂಟು. ನೀರ್ದೋಸೆ ಆರು: 286. ಕುಚ್ಚಲಕ್ಕಿ ಅನ್ನ, ಯಾವತ್ತಿನ ಹಾಗೆ: 301. ಚಪಾತಿ ಮೂರು, ಬಟಾಟೆ ಪಲ್ಯ: 262. ಪತ್ರೊಡೆ ನಾಲ್ಕು ತುಂಡು: 244. ಕೆಸುವಿನ ಎಲೆ ಅಂತ ಧೈರ್ಯದಲ್ಲಿ ತಿಂದದ್ದು, ಒಳಗೆ ಇದ್ದದ್ದು ಅಕ್ಕಿಯೇ ಅಲ್ವಾ! ಬಾಳೆದಿಂಡಿನ ಪಲ್ಯ, ಸೌತೆಕಾಯಿ ಹುಳಿ, ಒಂದು ಸೌಟು ಅನ್ನ, ಮಜ್ಜಿಗೆ: 171. ಆ 171 ನೋಡಿ ಹೆಂಡತಿಯನ್ನು ಕರೆದು ತೋರಿಸಿದೆ.

ಕುಚ್ಚಲಕ್ಕಿ ಒಳ್ಳೆಯದು, ಅದರಲ್ಲಿ ಸಕ್ಕರೆ ಏರುವುದಿಲ್ಲ ಅಂತ ನಮ್ಮ ಕಡೆ ಒಂದು ನಂಬಿಕೆ. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಗಿಂತ ಸ್ವಲ್ಪ ನಿಧಾನ ಇರಬಹುದು. ಆದರೆ ಅಳತೆ ಮೀರಿದರೆ ಯಾವ ಅಕ್ಕಿಯೂ ಬಿಡುವುದಿಲ್ಲ. 100 ಗ್ರಾಂ ಅನ್ನದಲ್ಲಿ ಹೆಚ್ಚುಕಡಿಮೆ 25ರಿಂದ 28 ಗ್ರಾಂ ಪಿಷ್ಟ. ನಾನು ಒಂದು ಹೊತ್ತಿಗೆ ಉಣ್ಣುತ್ತಿದ್ದ ಅನ್ನವನ್ನು ತಕ್ಕಡಿಯಲ್ಲಿಟ್ಟು ನೋಡಿದೆ. ಅರ್ಧ ಕಿಲೋ! ನಾನೂರು ಜನಕ್ಕೆ ಎಷ್ಟು ಸೇರು ಅಕ್ಕಿ ಅಂತ ನಿದ್ದೆಯಲ್ಲೂ ಹೇಳುವವನಿಗೆ ತನ್ನ ಬಟ್ಟಲಿನ ಲೆಕ್ಕ ಗೊತ್ತಿರಲಿಲ್ಲ.

ಮನೆಯಲ್ಲಿ ತೆಂಗಿನ ಚಿಪ್ಪಿನ ಹಳೆಯ ಗೆರಟೆ ಸೌಟು ಒಂದಿತ್ತು. ತೂಗಿದರೆ ತಟ್ಟಿ ಸಮ ಮಾಡಿದ ಒಂದು ಸೌಟಿಗೆ 110 ಗ್ರಾಂ ಅನ್ನ. ಅದೇ ನನ್ನ ಅಳತೆ ಆಯಿತು. ಮಧ್ಯಾಹ್ನ ಒಂದು ಸೌಟು, ರಾತ್ರಿ ಅನ್ನ ಇಲ್ಲ. ಅಮ್ಮನಿಗೆ ಈಗ 84. ಮೊದಲ ದಿನ ನನ್ನ ಬಟ್ಟಲು ನೋಡಿ, "ಇದು ಊಟವಾ ಮಗಾ, ಕಾಕೆಗೆ ಇಟ್ಟದ್ದಾ?" ಅಂತ ಕೇಳಿದರು.

ಹೊಟ್ಟೆ ತುಂಬಬೇಕಲ್ಲ. ಅಲ್ಲಿ ನನ್ನ ಕಸುಬು ಉಪಯೋಗಕ್ಕೆ ಬಂತು. ನಮ್ಮ ಊರಿನ ಅಡುಗೆಯಲ್ಲಿ ಅನ್ನ ತೆಗೆದರೂ ಉಳಿಯುವುದು ಬೇಕಾದಷ್ಟಿದೆ. ತೊಂಡೆಕಾಯಿ, ಹಾಗಲಕಾಯಿ, ಬಸಳೆ, ಅಲಸಂಡೆ, ಗುಜ್ಜೆ (ಎಳೆ ಹಲಸು). ಬೂದುಕುಂಬಳದ ಮೇಲಾರವನ್ನು (ಮಜ್ಜಿಗೆ ಹುಳಿ) ರಾತ್ರಿ ದೊಡ್ಡ ಬಟ್ಟಲಿನಲ್ಲಿ ಹಾಕಿ ಚಮಚದಲ್ಲಿ ತಿನ್ನುತ್ತೇನೆ, ಜೊತೆಗೆ ಬೇಯಿಸಿದ ನೆಲಗಡಲೆ ಒಂದು ಹಿಡಿ. ಹುಳಿಗೆ, ಮೆಣಸ್ಕಾಯಿ ಎಂಬ ಗೊಜ್ಜಿಗೆ ಹಾಕುವ ಬೆಲ್ಲ ನಿಂತಿತು. ಮೆಣಸ್ಕಾಯಿ ಬೆಲ್ಲ ಇಲ್ಲದೆ ಚೆನ್ನಾಗಿರುವುದಿಲ್ಲ, ಸುಳ್ಳು ಹೇಳುವುದಿಲ್ಲ. ಹಾಗಾಗಿ ಅದನ್ನು ಮಾಡುವುದನ್ನೇ ಬಿಟ್ಟೆವು.

ಬೆಳಗ್ಗೆ ಹೆಸರುಕಾಳಿನ ದೋಸೆ. ರಾತ್ರಿ ನೆನೆಹಾಕಿ, ಶುಂಠಿ, ಹಸಿಮೆಣಸು ಸೇರಿಸಿ ಅರೆಯುವುದು. ಅಕ್ಕಿ ಹಾಕದಿದ್ದರೆ ಹರಿಯುತ್ತದೆ ಅಂತ ಎಲ್ಲರೂ ಒಂದು ಹಿಡಿ ಅಕ್ಕಿ ಸೇರಿಸುತ್ತಾರೆ. ಬದಲಿಗೆ ಒಂದು ಹಿಡಿ ಉದ್ದಿನಬೇಳೆ ಹಾಕಿ, ಕಾವಲಿ ಹದ ಬಿಸಿಯಲ್ಲಿರಲಿ, ಅಂಚು ಬಿಡುವವರೆಗೆ ಮುಟ್ಟಬೇಡಿ. ಚೆಂದ ಏಳುತ್ತದೆ. ಹೆಸರಿನಲ್ಲೂ ಪಿಷ್ಟ ಉಂಟು, ಹಾಗಾಗಿ ಎರಡೇ ದೋಸೆ. ಆದರೆ ನಾರು, ಪ್ರೋಟೀನು ಜಾಸ್ತಿ. ಹನ್ನೊಂದು ಗಂಟೆಗೆ ಹಸಿವೆ ಅಂತ ಅಡುಗೆಮನೆ ಸುತ್ತುವುದು ತಪ್ಪಿತು.

ಹಲಸಿನ ವಿಷಯದಲ್ಲಿ ಮಾತ್ರ ಸೋತಿದ್ದೇನೆ. ಗುಜ್ಜೆ ಪಲ್ಯ ತಿಂದರೆ ತೊಂದರೆ ಇಲ್ಲ. ಹಣ್ಣಿನ ಐದು ಸೊಳೆ ತಿಂದ ದಿನ 231. ಈಗ ಬೇಸಿಗೆಯಲ್ಲಿ ಎರಡು ಸೊಳೆ, ಅದೂ ಆ ಹೊತ್ತಿನ ಅನ್ನ ಬಿಟ್ಟು.

ಇನ್ನು ನನ್ನ ಬುದ್ಧಿಗೇಡಿತನದ ಕಥೆ. ಅನ್ನ ಇಷ್ಟು ಇಳಿಸಿದವನು ಡಾಕ್ಟರಿಗೆ ಹೇಳಿರಲಿಲ್ಲ. ಮಾತ್ರೆ ಮೊದಲಿನಷ್ಟೇ ನುಂಗುತ್ತಿದ್ದೆ. ಆಟಿ, ಅದರ ಮುಂದಿನ ಸೋಣ ತಿಂಗಳು ಕಳೆದು ಕುಂಬಳೆ ಹತ್ತಿರ ಒಂದು ಮದುವೆಮನೆ. ರಾತ್ರಿ ಬರೀ ಪಲ್ಯ, ಮಜ್ಜಿಗೆ ಕುಡಿದು ಮಾತ್ರೆ ತೆಗೆದುಕೊಂಡು ಕೆಲಸಕ್ಕೆ ಇಳಿದೆ. ಬೆಳಗಿನ ಜಾವ ಮೂರು ಗಂಟೆಗೆ ಹೋಳಿಗೆಯ ಹೂರಣ ಕಾಯಿಸುತ್ತಾ ಇದ್ದೆ. ಮೈಯೆಲ್ಲ ಬೆವರು. ಕಟ್ಟಿಗೆ ಒಲೆಯ ಮುಂದೆ ಬೆವರು ಬರದೆ ಇರುತ್ತದಾ ಅಂತ ಸುಮ್ನೆ ಇದ್ದೆ. ಆಮೇಲೆ ನೋಡಿದರೆ ಉರುಳಿಯ ಅಂಚಿಗೆ ಸಟ್ಟುಗ ಟಕಟಕ ಬಡಿಯುತ್ತಿದೆ. ನನ್ನ ಕೈ ನಡುಗುತ್ತಿತ್ತು. ಜೊತೆಗಿದ್ದ ಹುಡುಗ, "ಅಣ್ಣಾ, ನಿಮಗೆ ಎಂಥ ಆಗ್ತಾ ಉಂಟು?" ಅಂದ. ಉತ್ತರ ಕೊಡಲು ಶಬ್ದ ಸಿಗಲಿಲ್ಲ.

ಅವನೇ ಚೀಲದಿಂದ ಮೀಟರ್ ತೆಗೆದ. 58. 70ರ ಕೆಳಗೆ ಹೋದರೆ ಅಪಾಯ. ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿದ. ಕಾಲು ಗಂಟೆ ಬಿಟ್ಟು ನೋಡಿದಾಗ 83. ಸುತ್ತ ಕ್ವಿಂಟಾಲುಗಟ್ಟಲೆ ಸಕ್ಕರೆ, ಬೆಲ್ಲ, ನಡುವೆ ಸಕ್ಕರೆ ಕಮ್ಮಿಯಾಗಿ ಕೂತ ಅಡುಗೆಯವನು!

ಡಾಕ್ಟರು ಚೆನ್ನಾಗಿ ಬೈದರು. ಗ್ಲಿಮೆಪಿರೈಡ್ ನೀವು ಉಣ್ಣಲಿ ಬಿಡಲಿ ಸಕ್ಕರೆ ಇಳಿಸುತ್ತಲೇ ಇರುತ್ತದೆ, ಅನ್ನ ಇಳಿಸುವ ಮೊದಲು ನನ್ನ ಹತ್ತಿರ ಬರಬೇಕಿತ್ತು ಅಂದರು. ಆ ಮಾತ್ರೆ ಮೊದಲು ಅರ್ಧ ಆಯಿತು, ಆಮೇಲೆ ನಿಂತಿತು. ಮೆಟ್‌ಫಾರ್ಮಿನ್ ಈಗಲೂ ಉಂಟು. ಅನ್ನ ಇಳಿಸಿದರೆ ಸಕ್ಕರೆ ಕುಸಿಯುವ ಅಪಾಯ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಉಂಟು. ಹೆಸರಿನ ಕೊನೆಗೆ 'ಗ್ಲಿಫ್ಲೋಜಿನ್' ಅಂತ ಇರುವ ಮಾತ್ರೆಯವರದು ಬೇರೆ ತೊಂದರೆ: ಪಿಷ್ಟ ತೀರಾ ಬಿಟ್ಟರೆ, ಸಕ್ಕರೆ ಸರಿಯಿದ್ದರೂ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಬಹುದಂತೆ. ಹಾಗಾಗಿ ನನ್ನ ಪುಟ ನೋಡಿ ಯಾರೂ ನಾಳೆಯಿಂದಲೇ ಶುರು ಮಾಡಬೇಡಿ.

ಮೀಟರಿನದ್ದೂ ಒಂದು ಪಾಠ ಉಂಟು. ಒಂದು ಸಲ 380 ತೋರಿಸಿತು. ಎದೆ ಧಸಕ್ ಅಂತು. ಆಮೇಲೆ ಬೆರಳು ನೋಡಿದರೆ ಅಂಟಂಟು, ಬೆಲ್ಲದ ಪಾಕ! ಸೋಪು ಹಾಕಿ ತೊಳೆದು, ಒರೆಸಿ, ಮತ್ತೆ ಚುಚ್ಚಿದೆ. 164. ಹಣ್ಣು ಕೊರೆದ ಕೈಯಲ್ಲೂ ಹೀಗೇ ಆಗುತ್ತದೆ.

ಮೂರು ತಿಂಗಳಿಗೆ 9.4 ಇದ್ದದ್ದು 7.2ಕ್ಕೆ ಬಂತು. ವರ್ಷ ತುಂಬುವಾಗ 6.4. ತೂಕ ಒಂಬತ್ತು ಕಿಲೋ ಇಳಿಯಿತು. ಎಲ್ಲ ಒಳ್ಳೆಯದೇ ಆಗಲಿಲ್ಲ. ಅನ್ನ ಬಿಟ್ಟ ಉಮೇದಿನಲ್ಲಿ ತುಪ್ಪ, ತೆಂಗಿನಕಾಯಿ ಧಾರಾಳ ಆಗಿತ್ತು, ಕೆಟ್ಟ ಕೊಲೆಸ್ಟ್ರಾಲ್ ಏರಿತು. ಈಗ ತುಪ್ಪ ಅರ್ಧ ಚಮಚ, ತಂಬುಳಿಗೂ ಕಾಯಿ ಕಮ್ಮಿ.

2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ. ಗೋವಾ, ಪುದುಚೇರಿಯ ಜೊತೆ ಕೇರಳವೂ ಮೇಲಿನ ಸಾಲಿನಲ್ಲಿದೆ. ಅದು ನನಗೆ ಪಂಕ್ತಿಯಲ್ಲೇ ಕಾಣುತ್ತದೆ. ಮೊದಲು ಪಾಯಸಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುವವರು ಒಬ್ಬಿಬ್ಬರು ಇದ್ದರು. ಈಗ ಸಾಲಿಗೆ ಐದಾರು ಕೈ. ಆದರೆ ಅದೇ ಕೈ ಅನ್ನ ಬಂದಾಗ ಅಡ್ಡ ಬರುವುದಿಲ್ಲ. ಈಗ ಪಲ್ಯ ಎರಡು ಬಗೆ ಮಾಡೋಣ, ಒಂದರಲ್ಲಿ ಬೆಲ್ಲ ಬೇಡ ಅಂತ ಮನೆಯವರಿಗೆ ನಾನೇ ಹೇಳುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ. ಮೊದಲು ಖಾಲಿಯಾಗುವುದು ಅದೇ.

ಜಂಬರದ ರಾತ್ರಿಗೆ ಈಗ ನನ್ನದೇ ಫ್ಲಾಸ್ಕು ಉಂಟು, ಸಕ್ಕರೆ ಇಲ್ಲದ ಚಾ. ಮೊನ್ನೆ ಪೆರ್ಲದ ಉಪನಯನದಲ್ಲಿ ಹೊಸ ಹುಡುಗನೊಬ್ಬ ಗೊತ್ತಿಲ್ಲದೆ ಅದರಿಂದ ಬಗ್ಗಿಸಿ ಕುಡಿದ. ಮುಖ ಹಿಂಡಿ ಕೇಳಿದ: "ಇದೆಂಥ ಅಣ್ಣಾ, ಕಷಾಯವಾ?"