ಬೆಲ್ಟ್ ಸ್ಯಾಂಡರ್: ವ್ಯಾಟ್ ಕೇಳುವ ಮೊದಲು ಬೆಲ್ಟ್ ಓಡಿಸಿ ನೋಡಿ

ಓಡುವ ಉಜ್ಜುಕಾಗದದ ಪಟ್ಟಿಯಿಂದ ಮರ ಉಜ್ಜುವ ಮೆಷಿನ್ನೇ ಬೆಲ್ಟ್ ಸ್ಯಾಂಡರ್. ಅದನ್ನು ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ವ್ಯಾಟ್?’ ಎಂದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಇರುವುದೂ ಅದೇ. ಆದರೆ ಬೆಲ್ಟ್ ಪಕ್ಕಕ್ಕೆ ಸರಿದು ಮೆಷಿನ್ನಿನ ಮೈಯನ್ನೇ ಕೊರೆಯತೊಡಗಿದರೆ ಎಷ್ಟು ವ್ಯಾಟ್ ಇದ್ದರೇನು?

1. ಕೆಲಸ ಎಲ್ಲಿ? ವರ್ಕ್‌ಶಾಪಿನಲ್ಲಿ ಹಲಗೆ, ಬಾಗಿಲು ಮಲಗಿಸಿ ಉಜ್ಜುವುದಾದರೆ 4×24 ಇಂಚಿನ (ಬೆಲ್ಟಿನ ಅಗಲ×ಉದ್ದ; 100×610 ಮಿ.ಮೀ.) ಮೆಷಿನ್ ತೆಗೆದುಕೊಳ್ಳಿ. ತೂಕ ಹೆಚ್ಚಿದ್ದರೆ ಅಲ್ಲಿ ಒಳ್ಳೆಯದೇ, ಕೈಯಿಂದ ಒತ್ತುವ ಅಗತ್ಯ ಬೀಳುವುದಿಲ್ಲ. ಸೈಟಿನಲ್ಲಿ ನಿಂತ ಚೌಕಟ್ಟಿಗೆ, ಮಳೆಗಾಲದಲ್ಲಿ ಉಬ್ಬಿದ ಬಾಗಿಲಿನ ಅಂಚಿಗೆ ಅದನ್ನು ಎತ್ತಿ ಹಿಡಿದರೆ ತೋಳು ಸೋತು ಮರದಲ್ಲಿ ಹಳ್ಳ ಬೀಳುತ್ತದೆ. ಅಲ್ಲಿಗೆ 3 ಇಂಚಿನದೇ ಸರಿ. ಒಂದೇ ಮೆಷಿನ್ ಕೊಳ್ಳುವವರು 3×21 ಇಂಚಿನದನ್ನೇ ಕೊಳ್ಳಿ.

2. ಆ ಅಳತೆಯ ಬೆಲ್ಟ್ ನಿಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ.

3. ವೇಗ ಏರಿಳಿಸುವ ಡಯಲ್ ಇರಲಿ. ಮಕಿಟಾ 9403 ನಿಮಿಷಕ್ಕೆ 500 ಮೀಟರ್ ಒಂದೇ ವೇಗದಲ್ಲಿ ಓಡುತ್ತದೆ. ದಪ್ಪ ತೇಗದ ಹಲಗೆಗೆ ಅದು ಚೆನ್ನ. ಬಾಷ್ ಜಿಬಿಎಸ್ 75 ಎಇಯಲ್ಲಿ 200ರಿಂದ 330ರವರೆಗೆ ಹೊಂದಿಸಿಕೊಳ್ಳಬಹುದು. ವೆನೀರ್ ಅಂಟಿಸಿದ ಪ್ಲೈವುಡ್‌ಗೆ ಮಾತ್ರ ಯಾವ ಬೆಲ್ಟ್ ಸ್ಯಾಂಡರನ್ನೂ ತಾಗಿಸಬೇಡಿ. ಅರ್ಧ ಮಿಲಿಮೀಟರಿನಷ್ಟು ತೆಳು ಪದರ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸವೆದುಹೋಗುತ್ತದೆ.

4. ಓಡಿಸಿ ನೋಡುವುದು. ಇದನ್ನು ಬಿಟ್ಟು ಹಣ ಕೊಡಲೇಬೇಡಿ. ‘ಮನೆಗೆ ಹೋಗಿ ನೋಡಿಕೊಳ್ಳಿ’ ಎನ್ನುವ ಅಂಗಡಿಯಿಂದ ಎದ್ದು ಬನ್ನಿ.

ಪ್ಲಗ್ ಹಾಕುವ ಮುನ್ನ ಸ್ವಿಚ್ಚಿನ ಲಾಕ್ ಬಿಟ್ಟಿದೆಯೇ ನೋಡಿ. ಲಾಕ್ ಬಿದ್ದಿದ್ದರೆ ಕರೆಂಟ್ ಬಂದೊಡನೆ ಮೆಷಿನ್ ಮೇಜಿನಿಂದ ಹಾರುತ್ತದೆ. ಬೆಲ್ಟ್ ಹಾಕುವ ಮೊದಲು ಅಡಿಯ ತಗಡಿನ ಮೇಲೆ ಸ್ಟೀಲ್ ಸ್ಕೇಲನ್ನು ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಇಣುಕಿದರೆ ಆ ಮೆಷಿನ್ ಎಂದಿಗೂ ಸಪಾಟಾಗಿ ಉಜ್ಜುವುದಿಲ್ಲ. ನಂತರ ಬೆಲ್ಟಿನ ಒಳಗಿನ ಬಾಣದ ಗುರುತನ್ನು ಮೆಷಿನ್ನಿನ ಬಾಣಕ್ಕೆ ಹೊಂದಿಸಿ ಏರಿಸಿ.

ಈಗ ಮೆಷಿನ್ನನ್ನು ಮಗುಚಿ ಬಿಗಿಯಾಗಿ ಹಿಡಿದು ಚಾಲೂ ಮಾಡಿ. ಬೆಲ್ಟ್ ಯಾವ ಕಡೆ ಸರಿಯುತ್ತದೋ ನೋಡಿಕೊಂಡು ಪಕ್ಕದ ಟ್ರ್ಯಾಕಿಂಗ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಕಾಯಿರಿ, ಮತ್ತೆ ತಿರುಗಿಸಿ. ಅವಸರದಲ್ಲಿ ಅರ್ಧ ಸುತ್ತು ತಿರುಗಿಸುವವರೇ ಬೆಲ್ಟಿನ ಅಂಚು ಹರಿದುಕೊಳ್ಳುವುದು. ಬೆಲ್ಟಿನ ಅಂಚು ರೋಲರಿನ ಅಂಚಿಗೆ ಸಮವಾಗಿ ನಿಂತ ಮೇಲೆ ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೆ ಚಾಲೂ ಮಾಡಿ. ಅದೇ ಜಾಗದಲ್ಲಿ ಓಡಿದರೆ ಮೆಷಿನ್ ಸರಿಯಿದೆ. ಪ್ರತಿ ಸಲವೂ ತಿರುಪು ಬೇಡುವುದನ್ನು ಬೆಲೆ ಕಡಿಮೆಯೆಂದು ತರಬೇಡಿ.

5. ಸೈಟಿಗೆ ಒಯ್ಯುವವರು ದಪ್ಪ ತಂತಿಯ ಎಕ್ಸ್‌ಟೆನ್ಷನ್ ಇಟ್ಟುಕೊಳ್ಳಿ. ಉದ್ದನೆಯ ಸಣಕಲು ತಂತಿಯಲ್ಲಿ ವೋಲ್ಟೇಜ್ ಇಳಿದು ಮೋಟರ್ ಬಿಸಿಯಾಗುತ್ತದೆ. ಧೂಳಿನ ಚೀಲವನ್ನಷ್ಟೇ ನಂಬಬೇಡಿ, ಎನ್95 ಮಾಸ್ಕ್ ಕಡ್ಡಾಯ. ಮರದ ಧೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಪಟ್ಟಿ ಮಾಡಿದೆ.

6. ಜೊತೆಗೆ 80 ಮತ್ತು 120 ನಂಬರಿನ ಬೆಲ್ಟ್ ಕೊಳ್ಳಿ (ನಂಬರು ಕಡಿಮೆಯಾದಷ್ಟೂ ಬೆಲ್ಟ್ ಒರಟು). 40 ನಂಬರು ಹಳೆಯ ವಾರ್ನಿಷ್ ಕೀಳಲು ಮಾತ್ರ. ಅಗ್ಗದ ಬೆಲ್ಟಿನ ಜೋಡಣೆ ಮಳೆಗಾಲದ ಥಂಡಿಗೆ ಬಿಟ್ಟುಕೊಳ್ಳುತ್ತದೆ; ಬಿಟ್ಟದ್ದನ್ನು ಗಮ್ ಹಾಕಿ ಮತ್ತೆ ಏರಿಸುವುದು ಅಪಾಯ, ಎಸೆಯಿರಿ. ಮರದ ಎಣ್ಣೆ, ಅಂಟು ಮೆತ್ತಿಕೊಂಡ ಬೆಲ್ಟನ್ನು ಎಸೆಯಬೇಕಿಲ್ಲ. ಹಳೆಯ ಚಪ್ಪಲಿಯ ಕ್ರೇಪ್ ರಬ್ಬರ್ ಅಟ್ಟೆಯನ್ನು ಓಡುವ ಬೆಲ್ಟಿಗೆ ಹಗುರವಾಗಿ ಒತ್ತಿ ಹಿಡಿದರೆ ಅದು ಶುಚಿಯಾಗುತ್ತದೆ.