ಸಾಲ್ಮನ್ ಮರಿ ಕಡಲಿಗೆ ಸಿದ್ಧವಾಯಿತೇ ಎಂದು ನಾನು ನೋಡುವ ಬಗೆ

ಸಾಲ್ಮನ್ ಹೊಳೆಯಲ್ಲಿ ಹುಟ್ಟಿ, ಬೆಳೆದ ಮೇಲೆ ಕಡಲಿಗಿಳಿಯುವ ಮೀನು. ಮೈ ಬೆಳ್ಳಿಯ ಹಾಗೆ ಹೊಳೆಯತೊಡಗಿದರೆ ಸಾಲ್ಮನ್ ಮರಿ ಕಡಲಿಗೆ ಸಿದ್ಧ ಅಂತ ಬಹಳ ಜನ ಹೇಳುತ್ತಾರೆ. ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಅಟ್ಲಾಂಟಿಕ್ ಸಾಲ್ಮನ್ ಮರಿಯ ಮೈಮೇಲಿನ ಪಟ್ಟೆಗಳು ಮಾಸುತ್ತವೆ, ರೆಕ್ಕೆಯ ಅಂಚು ಕಪ್ಪಾಗುತ್ತದೆ, ಮೈ ಸಪೂರವಾಗುತ್ತದೆ, ಎಲ್ಲ ನಿಜ. ಆದರೆ ಉಪ್ಪಿನ ಜೊತೆ ಗುದ್ದಾಡಬೇಕಾದದ್ದು ಕಿವಿರು. ಹಾಗಾಗಿ ನಾನು ಕಿವಿರನ್ನೇ ಅಳೆಯುತ್ತೇನೆ.

ಮೀನಿನ ರಕ್ತದ ಉಪ್ಪು ಕಡಲ ನೀರಿನ ಸುಮಾರು ಮೂರರಲ್ಲಿ ಒಂದು ಪಾಲು. ಹೊಳೆಯಲ್ಲಿರುವಾಗ ನೀರು ಮೈಯೊಳಗೆ ನುಗ್ಗುತ್ತಲೇ ಇರುತ್ತದೆ, ಉಪ್ಪು ಸೋರುತ್ತಲೇ ಇರುತ್ತದೆ. ಮೀನು ತೆಳ್ಳನೆಯ ಮೂತ್ರವನ್ನು ಜಾಸ್ತಿ ಬಿಡುತ್ತದೆ, ಕಿವಿರು ಸಿಹಿನೀರಿನಿಂದ ಇದ್ದಬದ್ದ ಉಪ್ಪನ್ನು ಹೆಕ್ಕಿಕೊಳ್ಳುತ್ತದೆ. ಕಡಲಲ್ಲಿ ಎಲ್ಲ ತಿರುಗುಮುರುಗು. ಅಲ್ಲಿ ಮೈಯ ನೀರೇ ಸೋರಿಹೋಗುತ್ತದೆ. ಅದನ್ನು ತುಂಬಿಕೊಳ್ಳಲು ಮೀನು ಕಡಲನ್ನೇ ಕುಡಿಯುತ್ತದೆ. ಆಗ ಒಳಬಂದ ಸೋಡಿಯಂ, ಕ್ಲೋರೈಡ್‌ಗಳನ್ನು ಹೊರದಬ್ಬುವುದು ಕಿವಿರಿನ ಕೆಲಸ. ಮೆಗ್ನೀಸಿಯಂ, ಸಲ್ಫೇಟ್ ಮೂತ್ರಪಿಂಡದ ಪಾಲಿಗೆ.

ಈ ಎರಡೂ ಕೆಲಸಕ್ಕೆ ಕಿವಿರಿನಲ್ಲಿ ಮೈಟೊಕಾಂಡ್ರಿಯ (ಕೋಶಕ್ಕೆ ಶಕ್ತಿ ಒದಗಿಸುವ ಭಾಗಗಳು) ತುಂಬಿದ ವಿಶೇಷ ಜೀವಕೋಶಗಳಿವೆ. ಅವುಗಳ ರಕ್ತದ ಬದಿಯಲ್ಲಿ ಸೋಡಿಯಂ-ಪೊಟ್ಯಾಸಿಯಂ ಪಂಪ್ ಇರುತ್ತದೆ. ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಸ್ಕೌ 1957ರಲ್ಲಿ ವಿವರಿಸಿದ, ಮುಂದೆ 1997ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ಕಿಣ್ವ ಇದೇ. ಮೂರು ಸೋಡಿಯಂ ಕೋಶದಿಂದ ಆಚೆಗೆ, ಎರಡು ಪೊಟ್ಯಾಸಿಯಂ ಕೋಶದೊಳಗೆ. ಹೊಳೆಯಲ್ಲೂ ಹೀಗೇ, ಕಡಲಲ್ಲೂ ಹೀಗೇ. ಪಂಪ್ ಸೋಡಿಯಂ ಅನ್ನು ರಕ್ತದ ಕಡೆಗೆ ತಳ್ಳಿದರೆ ಉಪ್ಪು ಹೊರಗೆ ಹೋಗುವುದು ಹೇಗೆ, ಅಲ್ವಾ? ಮೋಟಾರು ಅದೇ, ಪೈಪು ಜೋಡಿಸಿದ ರೀತಿ ಬೇರೆ. ಪಂಪ್ ಸೋಡಿಯಂ ಅನ್ನು ತಳ್ಳಿದಾಗ ಕೋಶದೊಳಗೆ ಅದರ ಕೊರತೆ ಹುಟ್ಟುತ್ತದೆ. ಆ ಎಳೆತಕ್ಕೆ ಸೋಡಿಯಂ ವಾಪಸ್ ಒಳಬರುವಾಗ ರಕ್ತದಿಂದ ಕ್ಲೋರೈಡನ್ನೂ ಜೊತೆಗೆ ಕರೆತರುತ್ತದೆ. ಕ್ಲೋರೈಡ್ ನೀರಿನ ಬದಿಯ ಬಾಗಿಲಿನಿಂದ ಕಡಲಿಗೆ ಇಳಿಯುತ್ತದೆ. ಸೋಡಿಯಂ ಅಕ್ಕಪಕ್ಕದ ಕೋಶಗಳ ನಡುವಿನ ಸಂದಿಯಲ್ಲಿ ನುಸುಳಿ ಅದರ ಹಿಂದೆ ಹೋಗುತ್ತದೆ. ಇಷ್ಟು ವರ್ಷ ಇದೇ ಕೆಲಸ ಮಾಡಿದರೂ ಈ ಏರ್ಪಾಡು ನನಗೆ ಇನ್ನೂ ಸೋಜಿಗವೇ.

ಮಾದರಿ ತೆಗೆಯಲು ಮೀನನ್ನು ಕೊಲ್ಲಬೇಕಿಲ್ಲ. ಮೀನುಗಳ ಸಂಶೋಧಕ ಸ್ಟೀಫನ್ ಮೆಕಾರ್ಮಿಕ್ 1993ರಲ್ಲಿ ಪ್ರಕಟಿಸಿದ ವಿಧಾನವನ್ನೇ ನಾನು ಬಳಸುತ್ತೇನೆ. ಮೀನಿಗೆ ಅರಿವಳಿಕೆ ಕೊಟ್ಟು, ಕಿವಿರಿನ ಮುಚ್ಚಳ ಎತ್ತಿ, ಸಣ್ಣ ಕತ್ತರಿಯಿಂದ ನಾಲ್ಕಾರು ಎಳೆಗಳ ತುದಿಯನ್ನಷ್ಟೇ ಕತ್ತರಿಸುತ್ತೇನೆ. ಬುಡದ ಕಡೆ ಕತ್ತರಿ ಹೋಗಬಾರದು, ರಕ್ತ ಜಾಸ್ತಿ ಹೋಗುತ್ತದೆ. ತುದಿಗಳು ತಕ್ಷಣ ಐಸಿನಲ್ಲಿಟ್ಟ ದ್ರಾವಣಕ್ಕೆ, ಅಲ್ಲಿಂದ ಮೈನಸ್ 80 ಡಿಗ್ರಿಗೆ. ಇಲ್ಲಿ ತಡಮಾಡಿದರೆ ಕಿಣ್ವ ಕೆಡುತ್ತದೆ, ಆಮೇಲೆ ಎಷ್ಟು ಚೆನ್ನಾಗಿ ಅಳೆದರೂ ಪ್ರಯೋಜನವಿಲ್ಲ.

ಪ್ರಯೋಗಾಲಯದಲ್ಲಿ ತುಂಡನ್ನು ಅರೆದು, ಒಂದೇ ಮಾದರಿಯನ್ನು ಎರಡು ಕಡೆ ಹಾಕುತ್ತೇನೆ. ಒಂದರಲ್ಲಿ ಓವಾಬೈನ್ ಇರುತ್ತದೆ, ಅದು ಈ ಪಂಪನ್ನು ಮಾತ್ರ ನಿಲ್ಲಿಸುತ್ತದೆ. ಕಿಣ್ವ ಎಟಿಪಿಯನ್ನು, ಅಂದರೆ ಕೋಶದ ಇಂಧನವನ್ನು, ಒಡೆದಂತೆಲ್ಲ ದ್ರಾವಣ 340 ನ್ಯಾನೊಮೀಟರ್ ಬೆಳಕನ್ನು ಹೀರುವುದು ಇಳಿಯುತ್ತದೆ. ಎರಡರ ಇಳಿತದ ವ್ಯತ್ಯಾಸವನ್ನು ಪ್ರೊಟೀನಿನ ತೂಕಕ್ಕೆ ಭಾಗಿಸಿದರೆ ಪಂಪಿನ ಚುರುಕು ಎಷ್ಟೆಂದು ಸಿಗುತ್ತದೆ.

ಒಂದು ದಿನದ ಅಂಕಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ವಸಂತದಲ್ಲಿ ಹಗಲು ಉದ್ದವಾಗುತ್ತಿದ್ದಂತೆ ಬೆಳವಣಿಗೆಯ ಹಾರ್ಮೋನ್, ಕಾರ್ಟಿಸಾಲ್ ಏರುತ್ತವೆ, ಸಿಹಿನೀರಿಗೆ ಒಗ್ಗಿಸುವ ಪ್ರೊಲ್ಯಾಕ್ಟಿನ್ ಹಿಂದೆ ಸರಿಯುತ್ತದೆ. ಪಂಪಿನ ಚುರುಕು ಹಲವು ಪಟ್ಟು ಏರುತ್ತದೆ. ಮೀನು ಸಿಹಿನೀರಲ್ಲೇ ಉಳಿದರೆ ಮತ್ತೆ ಇಳಿಯುತ್ತದೆ, ನೀರು ಬೆಚ್ಚಗಿದ್ದರೆ ಇನ್ನೂ ಬೇಗ. ಹಾಗಾಗಿ ಸತತವಾಗಿ ಮಾದರಿ ತೆಗೆದು ಏರಿಳಿತದ ಗೆರೆ ನೋಡುತ್ತೇನೆ. ಬೆಳ್ಳಿ ಹೊಳಪು ಇನ್ನೂ ಇದ್ದು ಕಿವಿರು ಆಗಲೇ ಹಿಂದಕ್ಕೆ ಹೊರಟಿರಬಹುದು. ಬಣ್ಣ ನೋಡಿ ಬಿಡುವವರಿಗೆ ಇದು ಕಾಣುವುದೇ ಇಲ್ಲ.

ಇನ್ನೊಂದು ಸೂಕ್ಷ್ಮವಿದೆ. ಈ ಪಂಪಿನಲ್ಲಿ ಸಿಹಿನೀರಿನದು, ಉಪ್ಪುನೀರಿನದು ಎಂದು ಎರಡು ರೂಪಗಳಿವೆ, ನನ್ನ ಅಳತೆ ಎರಡನ್ನೂ ಕೂಡಿಸಿಯೇ ತೋರಿಸುತ್ತದೆ. ಬೇರ್ಪಡಿಸಿ ನೋಡಲು ಆಯಾ ರೂಪಕ್ಕೆ ಮಾತ್ರ ಅಂಟುವ ಪ್ರತಿಕಾಯ ಬಳಸಿ ಬಣ್ಣ ಹಾಕಬೇಕು. ಮೀನು ಹೊಳೆಯಲ್ಲಿದ್ದಾಗಲೇ ಉಪ್ಪುನೀರಿನ ರೂಪದ ಕೋಶಗಳು ಕಿವಿರಿನ ಎಳೆಗಳಲ್ಲಿ ಹೆಚ್ಚುತ್ತಾ ಬರುತ್ತವೆ. ಕಡಲು ಮುಟ್ಟುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ.

ಅನುಮಾನ ಉಳಿದರೆ ಕೆಲವು ಮೀನುಗಳನ್ನು ನೇರ ಕಡಲಿನಷ್ಟು ಉಪ್ಪಿರುವ ನೀರಿಗೆ 24 ಗಂಟೆ ಬಿಟ್ಟು ರಕ್ತದ ಕ್ಲೋರೈಡ್ ನೋಡುತ್ತೇನೆ. ಲೀಟರಿಗೆ 150 ಮಿಲಿಮೋಲ್‌ನ ಆಸುಪಾಸಿನಲ್ಲೇ ನಿಂತರೆ ನೆಮ್ಮದಿ. ಅದಕ್ಕಿಂತ ಬಹಳ ಮೇಲೆ ಹೋದರೆ ಆ ಗುಂಪನ್ನು ಬಿಡುವುದಿಲ್ಲ.

ಹುಳಿ ನೀರಿನ ಹೊಳೆಗಳಲ್ಲಿ ಇಷ್ಟೂ ಸಾಲದು. ಆಮ್ಲಮಳೆಯಿಂದ ದಕ್ಷಿಣ ನಾರ್ವೆಯ ಎಷ್ಟೋ ಹೊಳೆಗಳಲ್ಲಿ ಸಾಲ್ಮನ್ ಇಲ್ಲವಾದದ್ದು ಗೊತ್ತಿರುವ ವಿಷಯವೇ. ಅಂಥ ನೀರಿನ ಅಲ್ಯೂಮಿನಿಯಂ ಕಿವಿರಿಗೆ ಅಂಟಿಕೊಂಡು ಪಂಪನ್ನು ಕುಗ್ಗಿಸುತ್ತದೆ. ಹೊಳೆಯಲ್ಲಿ ಚೆನ್ನಾಗಿಯೇ ಕಾಣುವ ಮರಿ ಕಡಲಿಗಿಳಿದ ಮೇಲೆ ಸಾಯುತ್ತದೆ. ಅಲ್ಲಿ ಒಂದೆರಡು ಮೀನುಗಳ ಕಿವಿರನ್ನೇ ಪೂರ್ತಿ ತೆಗೆದು ಲೋಹದ ಅಳತೆಗೆ ಕಳಿಸುತ್ತೇನೆ. ಇದಕ್ಕೆ ಮಾತ್ರ ಮೀನನ್ನು ಉಳಿಸಿಕೊಳ್ಳಲು ಆಗುವುದಿಲ್ಲ.